ಹೊರಳದ ಕಡ್ಡಿ, ಓಮದ ಘಮ

ಮನೆಯ ಮುಂದೆ ತುಳಸಿ ಇದ್ದರೆ ಒಂದು ಎಳೆಯ ಕಡ್ಡಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿ ನೋಡಿ. ದಾಸವಾಳದ ಕಡ್ಡಿಯ ಹಾಗೆ ಅದು ನುಣ್ಣಗೆ ಉರುಳುವುದಿಲ್ಲ. ತಡೆಯುತ್ತದೆ, ಮಗುಚುತ್ತದೆ, ಮತ್ತೆ ತಡೆಯುತ್ತದೆ. ಒಂದು ಸುತ್ತಿಗೆ ನಾಲ್ಕು ಸಲ. ದಿನವೂ ನೀರೆರೆದು ಪ್ರದಕ್ಷಿಣೆ ಹಾಕುವವರಲ್ಲೂ ಎಷ್ಟೋ ಜನ ಈ ನಾಲ್ಕು ಮೂಲೆಗಳನ್ನು ಗಮನಿಸಿರುವುದಿಲ್ಲ. ನಾನೂ ಗಮನಿಸಿದ್ದು ಐವತ್ತು ದಾಟಿದ ಮೇಲೆ. ಅದೂ ತುಳಸಿಯಿಂದಲ್ಲ, ಅಮೆರಿಕದ ಇಲಿನಾಯ್ ರಾಜ್ಯದ ಒಂದು ಕಾಡುಹೂವಿನಿಂದ.

ಅಕ್ಕನ ಮನೆ ಇರುವುದು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ. ಅಲ್ಲಿಂದ ಸ್ವಲ್ಪ ದೂರದ ಲೈಲ್ ಎಂಬ ಊರಿನಲ್ಲಿ ಮಾರ್ಟನ್ ಆರ್ಬೊರೇಟಮ್ ಇದೆ. 1922ರಲ್ಲಿ ಉಪ್ಪಿನ ವ್ಯಾಪಾರಿ ಜಾಯ್ ಮಾರ್ಟನ್ ಕಟ್ಟಿದ ಮರಗಳ ತೋಟ. ಆ ತೋಟದ ಒಂದು ಬದಿಯಲ್ಲಿ ಮರಗಳೇ ಕಡಿಮೆ. ಎದೆಯೆತ್ತರದ ಹುಲ್ಲು, ನಡುನಡುವೆ ಹಳದಿ, ಬಿಳಿ, ನೇರಳೆ. ಜುಲೈ ಕೊನೆಯ ಒಂದು ಬೆಳಿಗ್ಗೆ ಆ ಕಾಲುದಾರಿಯಲ್ಲಿ ನಿಂತು, ಕೆದರಿದ ತಲೆಗೂದಲಿನ ಹಾಗಿದ್ದ ಒಂದು ತಿಳಿನೇರಳೆ ಹೂವಿನ ಫೋಟೊ ತೆಗೆದೆ. ಹೆಸರು ಹೇಳುವ ಆ್ಯಪ್ ಒಂದು ಕೋನದಿಂದ ತೆಗೆದ ಚಿತ್ರಕ್ಕೆ ಒಂದು ಹೆಸರು ಹೇಳಿತು, ಇನ್ನೊಂದು ಚಿತ್ರಕ್ಕೆ ಬೇರೆಯದೇ ಕುಟುಂಬದ ಹೆಸರು. ಎರಡನ್ನೂ ಅಷ್ಟೇ ಧೈರ್ಯದಿಂದ ಹೇಳಿತು.

ಅಕ್ಕ ಆಗ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋಗಿ, ತಾನೇ ನೆಟ್ಟಿದ್ದ ಅದೇ ಗಿಡದಿಂದ ಒಂದು ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿದಳು.

“ಯಾವುದು ಹೇಳೋ?”

“ದೊಡ್ಡಪತ್ರೆ,” ಅಂದೆ. ಒಂದು ಕ್ಷಣ ಬಿಟ್ಟು, “ಅಲ್ಲ ಅಕ್ಕ, ಓಮ.”

“ಎರಡೂ ಅಲ್ಲ ಕಣೋ. ಆದ್ರೆ ನಿನ್ನ ಫೋನ್‌ಗಿಂತ ಹತ್ತಿರ ಬಂದೆ.”

ಗಿಡ ಗುರುತಿಸುವುದು ಕಣ್ಣಿನ ಕೆಲಸ ಎಂದು ನಾವು ತಿಳಿದುಕೊಂಡಿದ್ದೇವೆ. ಪುದೀನ, ತುಳಸಿಯ ಬಳಗದ ಮಟ್ಟಿಗೆ ಇದು ತಲೆಕೆಳಗು. ಇಲ್ಲಿ ಮೊದಲು ಕೈ, ಆಮೇಲೆ ಮೂಗು, ಕಣ್ಣಿನ ಸರದಿ ಕೊನೆಗೆ. ಫೋಟೊದಲ್ಲಿ ಉಳಿಯುವುದು ಆ ಕೊನೆಯದೊಂದೇ.

ಅದೇ ಬಳಗದ ಆ ಹೂವಿನ ಹೆಸರು ವೈಲ್ಡ್ ಬರ್ಗಮಾಟ್. ಬೀ ಬಾಮ್ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಮೊನಾರ್ಡಾ ಫಿಸ್ಟುಲೋಸಾ. ಕೆನಡಾದಿಂದ ಟೆಕ್ಸಾಸ್‌ವರೆಗೆ ಸಿಗುತ್ತದಾದರೂ ಅದರ ತವರು ಎಂದು ಜನ ಮೊದಲು ನೆನೆಯುವುದು ಪ್ರೇರಿಯನ್ನು. ಪ್ರೇರಿ ಎಂಬ ಪದ ನಮಗೆ ಪ್ರೌಢಶಾಲೆಯ ಭೂಗೋಳದಿಂದ ಗೊತ್ತು: ಪಂಪಾಸ್, ಸ್ಟೆಪ್ಪಿ, ವೆಲ್ಡ್‌ಗಳ ಜೊತೆ ಬಿಟ್ಟ ಸ್ಥಳ ತುಂಬಲು ಕಲಿತದ್ದು. ಆ ಪದದ ಹಿಂದೆ ಇದ್ದದ್ದು ಬರೀ ಹುಲ್ಲು ಎಂದೇ ನಾನು ಎಣಿಸಿದ್ದೆ. ನಿಜವಾದ ಪ್ರೇರಿಯಲ್ಲಿ ಹುಲ್ಲಿನಷ್ಟೇ ಹೂಗಿಡಗಳೂ ಲೆಕ್ಕಕ್ಕೆ ಬರುತ್ತವೆ. ಅವುಗಳ ಬಹುಪಾಲು ಜೀವ ನೆಲದ ಕೆಳಗಿನ ಬೇರಿನಲ್ಲಿ. ಮೇಲೆ ಬೆಂಕಿ ಹರಿದರೂ, ಕಾಡೆಮ್ಮೆಯಂಥ ಬೈಸನ್ ಮೇದರೂ ಬೇರು ಮತ್ತೆ ಚಿಗುರುತ್ತದೆ.

ಬೇರು ಗೆಲ್ಲಲಾಗದೆ ಸೋತದ್ದು ನೇಗಿಲಿನ ಮುಂದೆ. ಅಲ್ಲಿನ ಕಪ್ಪು ಮಣ್ಣು ನಮ್ಮ ಧಾರವಾಡ, ಗದಗದ ಎರೆಮಣ್ಣಿನ ಹಾಗೆ ಅಂಟು. ವಲಸಿಗರು ತಂದಿದ್ದ ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು, ರೈತ ಹೆಜ್ಜೆಗೊಮ್ಮೆ ನಿಂತು ಕೆರೆಯಬೇಕಿತ್ತು. 1837ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಉಜ್ಜಿ ಹೊಳಪಿಸಿದ ಉಕ್ಕಿನ ನೇಗಿಲು ಮಾಡಿದ. ಮಣ್ಣು ಅಂಟದೆ ಜಾರಿತು. ಆಮೇಲಿನದು ಮೆಕ್ಕೆಜೋಳ, ಸೋಯಾ ಅವರೆಯ ಕಥೆ. ‘ಪ್ರೇರಿ ರಾಜ್ಯ’ ಎಂದೇ ಹೆಸರಾದ ಇಲಿನಾಯ್‌ನಲ್ಲಿ ಒಂದು ಕಾಲಕ್ಕೆ ಸುಮಾರು 2.2 ಕೋಟಿ ಎಕರೆ ಪ್ರೇರಿ ಇತ್ತು. ಇಂದು ಉಳುಮೆ ಕಾಣದೆ ಚೆನ್ನಾಗಿ ಉಳಿದಿರುವುದು ಸಾವಿರಕ್ಕೆ ಒಂದು ಪಾಲೂ ಇಲ್ಲ. ಉಳಿದ ಚೂರುಗಳೂ ವಿಚಿತ್ರ ಜಾಗಗಳಲ್ಲಿ: ಹಳೆಯ ಸ್ಮಶಾನದ ಅಂಚು, ರೈಲುಹಳಿಯ ಬದಿ. ನಾನು ಫೋಟೊ ತೆಗೆದ ಪ್ರೇರಿ ಕೂಡ ಪ್ರಕೃತಿ ಹಾಗೇ ಬಿಟ್ಟದ್ದಲ್ಲ. ರೇ ಶುಲೆನ್‌ಬರ್ಗ್ ಎಂಬ ಸಸ್ಯಪ್ರೇಮಿ ಅಂಥ ಚೂರುಗಳಿಂದ ಬೀಜ ಆಯ್ದು, ಸಸಿ ಮಾಡಿ, 1962ರಿಂದ ಕೈಯಲ್ಲಿ ನೆಡಿಸುತ್ತ ಬಂದದ್ದು. ಈಗ ಅದಕ್ಕೆ ಅವರದೇ ಹೆಸರು.

ಕೈಯ ಪರೀಕ್ಷೆಗೆ ಬರೋಣ. ಮೊನಾರ್ಡಾದ ಕಾಂಡ ಎರಡರಿಂದ ನಾಲ್ಕು ಅಡಿ ಎತ್ತರ, ಚೌಕ. ಮೂಲೆಗಳಲ್ಲಿ ದಪ್ಪಗೋಡೆಯ ಜೀವಕೋಶಗಳ ಎಳೆಗಳು ಉದ್ದಕ್ಕೂ ಓಡುತ್ತವೆ. ಚಪ್ಪರದ ನಾಲ್ಕು ಕಂಬಗಳ ಹಾಗೆ ಅವು ಗಿಡವನ್ನು ಎತ್ತಿ ನಿಲ್ಲಿಸುತ್ತವೆ. ಒಂದು ಗೆಣ್ಣಿನಲ್ಲಿ ಎರಡು ಎಲೆ, ಎದುರುಬದುರು. ಅದರ ಮೇಲಿನ ಗೆಣ್ಣಿನ ಜೋಡಿ ಕೆಳಗಿನ ಜೋಡಿಗೆ ಅಡ್ಡ. ಮೇಲಿನಿಂದ ಬಗ್ಗಿ ನೋಡಿದರೆ ಎಲೆಗಳು ಕೂಡುಚಿಹ್ನೆಯಂತೆ ಕಾಣುತ್ತವೆ. ಎಲೆ ಈಟಿಯ ಆಕಾರ, ಅಂಚಿಗೆ ಸಣ್ಣ ಹಲ್ಲು, ಬಣ್ಣ ಬೂದಿ ಬೆರೆತ ಹಸಿರು, ಕಾಂಡಕ್ಕೆ ಅಂಟಿಕೊಳ್ಳದೆ ಚಿಕ್ಕದೊಂದು ತೊಟ್ಟಿನ ಮೇಲೆ ನಿಲ್ಲುತ್ತದೆ. ಈ ತೊಟ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚೌಕ ಕಾಂಡ, ಎದುರುಬದುರು ಎಲೆ ಎಂದರೆ ಪುದೀನ ಕುಟುಂಬ ಎಂಬ ಸೂತ್ರವನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಅದನ್ನೇ ನಂಬಿ ಹೊರಟರೆ ಪ್ರೇರಿ ಅರ್ಧ ಗಂಟೆಯಲ್ಲಿ ನಿಮ್ಮನ್ನು ಏಮಾರಿಸುತ್ತದೆ. ಕಪ್ ಪ್ಲಾಂಟ್ ಎಂಬ ಆಳೆತ್ತರದ ಗಿಡವಿದೆ. ಅದರ ಎದುರುಬದುರು ಎಲೆಗಳ ಬುಡ ಒಂದಕ್ಕೊಂದು ಬೆಸೆದು ಬಟ್ಟಲಾಗಿ, ಮಳೆನೀರು ನಿಲ್ಲುತ್ತದೆ, ಹಕ್ಕಿಗಳು ಬಂದು ಕುಡಿಯುತ್ತವೆ. ಕಾಂಡ ಬಡಗಿ ಅಳೆದು ಕೆತ್ತಿದಷ್ಟು ಚೌಕ. ಆದರೆ ಅದು ಸೂರ್ಯಕಾಂತಿಯ ಕುಟುಂಬ. ನೀಲಿ ವರ್ವೇನ್ ಗಿಡದ ಕಾಂಡವೂ ಚೌಕ, ಎಲೆಯೂ ಜೋಡಿ. ಅದು ನಮ್ಮ ಲಂಟಾನದ ಬಳಗ. ಲಂಟಾನವೇ ಎಂಥ ಮೋಸಗಾರ ನೋಡಿ: ಚೌಕ ಕಡ್ಡಿ, ಎದುರುಬದುರು ಎಲೆ, ಉಜ್ಜಿದರೆ ಗಾಢವಾದ ವಾಸನೆ. ಮೂರೂ ಇದ್ದು ತುಳಸಿ ಕುಟುಂಬಕ್ಕೆ ಸೇರಿಲ್ಲ.

ಇದಕ್ಕೆ ತಿರುಗುಮುರುಗು ಒಂದು ತಮಾಷೆಯಿದೆ. ನಮ್ಮ ಲಕ್ಕಿ ಗಿಡ, ಶಿವನೆ ಮರ, ಅಷ್ಟೇಕೆ ದಾಂಡೇಲಿಯ ತೇಗ, ಇವೆಲ್ಲ ಬಹುಕಾಲ ಲಂಟಾನದ ಕುಟುಂಬದಲ್ಲಿದ್ದವು. 1990ರ ದಶಕದಿಂದೀಚೆಗೆ ಸಸ್ಯಶಾಸ್ತ್ರಜ್ಞರು ಸಂಬಂಧಗಳನ್ನು ಮರುಪರಿಶೀಲಿಸಿ ಅವನ್ನು ಪುದೀನ ಕುಟುಂಬಕ್ಕೆ ಸೇರಿಸಿದ್ದಾರೆ. ತೇಗದ ಎಳೆಯ ಕೊಂಬೆ ಕೈಗೆ ಸಿಕ್ಕಿದರೆ ಹೊರಳಿಸಿ ನೋಡಿ. ಅದೂ ಚೌಕ. ಬಾಗಿಲ ಚೌಕಟ್ಟು, ಅದರ ಮುಂದಿನ ತುಳಸಿಕಟ್ಟೆಯ ಗಿಡ ಎರಡೂ ದಾಯಾದಿಗಳು ಎಂದು ನಾನು ಹೇಳಿದಾಗ ಅಕ್ಕ ಪೂರ್ತಿ ನಂಬಲಿಲ್ಲ.

ಹಾಗಾಗಿ ಮೂಗು ಬೇಕು. ಈ ಕುಟುಂಬದ ಸುಮಾರು 7,000 ಪ್ರಭೇದಗಳಲ್ಲಿ ಬಹಳಷ್ಟರ ಎಲೆಯ ಮೇಲೆ ಬರಿಗಣ್ಣಿಗೆ ಕಾಣದ ಎಣ್ಣೆಯ ಗ್ರಂಥಿಗಳಿರುತ್ತವೆ. ದೂರ ನಿಂತರೆ ವಾಸನೆ ಬರುವುದು ಕಡಿಮೆ, ಉಜ್ಜಿದರೆ ಗ್ರಂಥಿ ಒಡೆದು ಘಮ್ಮೆನ್ನುತ್ತದೆ. ಮಲ್ಲಿಗೆ ಕರೆದು ಹೇಳುತ್ತದೆ, ತುಳಸಿ ಮುಟ್ಟಿದರೆ ಮಾತ್ರ. (ಸಾರ್ವಜನಿಕ ಪ್ರೇರಿಯಲ್ಲಿ ಎಲೆ ಕೀಳುವಂತಿಲ್ಲ. ಗಿಡದಲ್ಲೇ ಇರುವ ಎಲೆಯನ್ನು ಎರಡು ಬೆರಳಲ್ಲಿ ಹಗುರಾಗಿ ತಿಕ್ಕಿ ಬೆರಳು ಮೂಸಿದರೆ ಸಾಕು.)

ಮೊನಾರ್ಡಾದ ಎಣ್ಣೆಯಲ್ಲಿ ಮುಖ್ಯವಾಗಿ ಇರುವವು ಥೈಮಾಲ್ ಮತ್ತು ಕಾರ್ವಕ್ರಾಲ್. ಎರಡರ ರಚನೆ ಹೆಚ್ಚುಕಡಿಮೆ ಒಂದೇ, ಒಂದು ಅಣುಗುಂಪು ಕೂತ ಜಾಗ ಮಾತ್ರ ಬೇರೆ. ಥೈಮಾಲ್ ಓಮದ ಕಾಳಿನ ಜೀವಾಳ. ಹೊಟ್ಟೆನೋವಿಗೆ ಕುಡಿಸುವ ಓಮದ ನೀರಿನ ಖಾರ ಅದರದ್ದೇ. ಕಾರ್ವಕ್ರಾಲ್ ದೊಡ್ಡಪತ್ರೆಯಲ್ಲಿದೆ, ಕೆಂಡಕ್ಕೆ ಹಿಡಿದು ಬಾಡಿಸಿ ಮಗುವಿಗೆ ರಸ ಹಿಂಡುವ, ತಂಬುಳಿ ಮಾಡುವ ಅದೇ ಎಲೆಯಲ್ಲಿ. ಓಮ ಕೊತ್ತಂಬರಿಯ ಕುಟುಂಬ, ದೊಡ್ಡಪತ್ರೆ ತುಳಸಿಯ ಕುಟುಂಬ. ಹಿತ್ತಿಲಲ್ಲಿ ನನ್ನ ಮೂಗು ಇವೆರಡರ ನಡುವೆ ತೂಗಾಡಿದ್ದರಲ್ಲಿ ಮೂಗಿನ ತಪ್ಪೇನಿರಲಿಲ್ಲ.

ಗಿಡಕ್ಕೆ ಹೆಸರಿಟ್ಟವರ ಮೂಗು ಮಾತ್ರ ಬೇರೆ ದಾರಿ ಹಿಡಿಯಿತು. ಬರ್ಗಮಾಟ್ ಎಂದರೆ ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ಒಂದು ಜಾತಿಯ ನಿಂಬೆ. ಅರ್ಲ್ ಗ್ರೇ ಚಹಾದ ಪರಿಮಳ ಅದರ ಸಿಪ್ಪೆಯೆಣ್ಣೆಯದು. ಯುರೋಪಿನಿಂದ ಬಂದವರಿಗೆ ಈ ಹುಲ್ಲುಗಾವಲ ಗಿಡ ಆ ನಿಂಬೆಯನ್ನು ನೆನಪಿಸಿತು, ‘ಕಾಡು ಬರ್ಗಮಾಟ್’ ಎಂದರು. ಎರಡಕ್ಕೂ ಯಾವ ನಂಟೂ ಇಲ್ಲ. ಅರ್ಲ್ ಗ್ರೇ ಪೊಟ್ಟಣದಲ್ಲಿ ಈ ಹೂವಿರುತ್ತದೆ ಎಂದು ಅಮೆರಿಕದಲ್ಲೂ ಎಷ್ಟೋ ಜನ ನಂಬಿದ್ದಾರೆ. ಇನ್ನು ಮೊನಾರ್ಡಾ ಎಂಬ ಹೆಸರಿನ ಹಿಂದೆ ಇರುವವನು ನಿಕೊಲಾಸ್ ಮೊನಾರ್ಡೆಸ್, 16ನೇ ಶತಮಾನದ ಸ್ಪೇನಿನ ಸೆವಿಲ್ ನಗರದ ವೈದ್ಯ. ಅಮೆರಿಕದ ಔಷಧಿ ಸಸ್ಯಗಳ ಬಗ್ಗೆ ಹೆಸರಾಂತ ಪುಸ್ತಕ ಬರೆದ. ಅಮೆರಿಕಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಸೆವಿಲ್‌ನ ಬಂದರಿಗೆ ಬರುವ ಹಡಗುಗಳೇ ಅವನಿಗೆ ಕಾಡು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೆಯಸ್ ಅವನ ನೆನಪಿಗೆ ಈ ಹೆಸರನ್ನು ಗ್ರಂಥಸ್ಥ ಮಾಡಿದ.

ಕಾಲಿಟ್ಟವರು, ಅಲ್ಲೇ ಹುಟ್ಟಿ ಬೆಳೆದವರು ಇಟ್ಟ ಹೆಸರುಗಳು ಹೆಚ್ಚು ಹರಿತ. ಲಕೋಟಾ ಭಾಷೆಯಲ್ಲಿ ಇದು ‘ಎಲ್ಕ್ ಜಿಂಕೆಯ ಮದ್ದು’. ಮಿಸೌರಿ ನದಿ ಪ್ರದೇಶದ ಮೂಲನಿವಾಸಿಗಳ ಸಸ್ಯಜ್ಞಾನವನ್ನು ಮೆಲ್ವಿನ್ ಗಿಲ್ಮೋರ್ 1919ರಲ್ಲಿ ಪ್ರಕಟಿಸಿದ. ಅದರಲ್ಲಿ ಹೊಟ್ಟೆನೋವಿಗೆ ಇದರ ಎಲೆ, ಹೂವಿನ ಕಷಾಯ ಕುಡಿಯುತ್ತಿದ್ದರೆಂಬ ಮಾತಿದೆ. ಓಮದ ನೀರು ಕುಡಿದು ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಬರಹದ ಇನ್ನೊಂದು ಸಂಗತಿ. ಸಸ್ಯಶಾಸ್ತ್ರ ಒಂದೇ ಪ್ರಭೇದ ಎನ್ನುವ ಈ ಗಿಡದಲ್ಲಿ ಪಾನೀ ಜನ ನಾಲ್ಕು ಬಗೆ ಕಂಡು ನಾಲ್ಕು ಹೆಸರಿಟ್ಟಿದ್ದರು; ಒಂದರ ಹೆಸರಿನ ಅರ್ಥವೇ ಕೆಟ್ಟ ವಾಸನೆಯದು, ಇನ್ನೊಂದರದು ಸುವಾಸನೆಯದು. ಇಂದು ಪ್ರಯೋಗಾಲಯದಲ್ಲಿ ಎಣ್ಣೆ ತೆಗೆದು ನೋಡುವವರೂ ಒಂದೇ ಪ್ರಭೇದದ ಗಿಡಗಳಲ್ಲಿ ಕೆಲವು ಥೈಮಾಲ್ ಹೆಚ್ಚಿರುವವು, ಕೆಲವು ಕಾರ್ವಕ್ರಾಲ್ ಹೆಚ್ಚಿರುವವು, ಅಪರೂಪಕ್ಕೆ ಗುಲಾಬಿಯ ಪರಿಮಳದ ಜೆರಾನಿಯಾಲ್ ಇರುವವು ಎಂದು ವಿಂಗಡಿಸುತ್ತಾರೆ. ಪಾನೀಗಳ ನಾಲ್ಕಕ್ಕೂ ಇವಕ್ಕೂ ಗೆರೆ ಎಳೆದು ಜೋಡಿಸುವ ಸಾಹಸ ನನಗೆ ಬೇಡ. ಆದರೆ ಒಂದರೊಳಗೆ ಹಲವಿವೆ ಎಂದು ಮೊದಲು ಹೇಳಿದ್ದು ಯಂತ್ರವಲ್ಲ, ಮೂಗು.

ಓಮದ ನಂಟು ವಾಸನೆಯಲ್ಲೇ ಮುಗಿಯುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಥೈಮಾಲ್ ಕೊಕ್ಕೆಹುಳುವಿಗೆ ಮದ್ದಾಗಿತ್ತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆ ಹುಳುವಿನ ಕಾಟ ದೊಡ್ಡದಿತ್ತು. ಥೈಮಾಲ್ ತಯಾರಿಕೆ ಬಹುಪಾಲು ಜರ್ಮನಿಯ ಕೈಯಲ್ಲಿ, ಅದಕ್ಕೆ ಓಮದ ಕಾಳು ಹೋಗುತ್ತಿದ್ದುದು ಭಾರತದಿಂದ. 1914ರಲ್ಲಿ ಯುದ್ಧ ಶುರುವಾಗಿ ಈ ಸರಪಳಿ ಕಡಿಯಿತು. ಆಗ ಅಮೆರಿಕನ್ನರು ತಮ್ಮ ಮರಳುನೆಲದಲ್ಲಿ ಬೆಳೆಯುವ ಚುಕ್ಕೆ ಮೊನಾರ್ಡಾ, ಅಂದರೆ ನಮ್ಮ ಹೂವಿನ ಸ್ವಂತ ತಂಗಿಯಿಂದ ಥೈಮಾಲ್ ಇಳಿಸಲು ಹೊರಟರು.

ಕೈ, ಮೂಗು ಮುಗಿಯಿತು. ಈಗ ಕಣ್ಣು. ತುಂಬೆ ಹೂವನ್ನು ಬಲ್ಲವರಿಗೆ ಅರ್ಧ ಪಾಠ ಆಗಲೇ ಆಗಿದೆ. ಶಿವನಿಗೆ ಪ್ರಿಯವೆಂದು ಪೂಜೆಗೆ ಆಯುವಾಗ, ಮಕ್ಕಳು ಬುಡ ಹಿಡಿದು ಎಳೆದು ಜೇನು ಚೀಪುವಾಗ ಅದರ ಆಕಾರ ಕಂಡಿರುತ್ತೀರಿ: ಕೊಳವೆ, ಕೊಳವೆಯ ಬಾಯಿಗೆ ಮೇಲೊಂದು ಕೆಳಗೊಂದು ತುಟಿ. ಈ ಕುಟುಂಬದ ಹಳೆಯ ಲ್ಯಾಟಿನ್ ಹೆಸರಾದ ಲೇಬಿಯೇಟೀ ಎಂಬುದಕ್ಕೂ ತುಟಿಯೇ ಮೂಲ. ತುಂಬೆಯಲ್ಲಿ ಕೆಳತುಟಿ ಅಗಲ, ಮೇಲಿನದು ರೋಮದ ಟೋಪಿ. ಮೊನಾರ್ಡಾದಲ್ಲಿ ಮೇಲ್ತುಟಿ ಕಿರಿದಾಗಿ ಮುಂದಕ್ಕೆ ಚಾಚಿ, ತುದಿಯಲ್ಲಿ ಒಂದು ಪುಟ್ಟ ಕುಚ್ಚು ಕೂದಲು. ಕೆಳತುಟಿ ಮೂರು ಸೀಳಾಗಿ ಹಿಂದಕ್ಕೆ ಬಾಗಿರುತ್ತದೆ, ದುಂಬಿ ಬಂದು ಕೂರುವ ಜಗಲಿ. ಹೂವೊಂದರ ಉದ್ದ ಸುಮಾರು ಒಂದಿಂಚು. ಅಂಥವು ಇಪ್ಪತ್ತು ಮೂವತ್ತು ಸೇರಿ ಕಾಂಡದ ನೆತ್ತಿಯ ಮೇಲೆ ಒಂದು ಚೆಂಡು, ಚೆಂಡಿನ ಕೆಳಗೆ ಎಲೆಯಂಥದೇ ತಟ್ಟೆ. ಆ ತಟ್ಟೆಯ ಎಲೆಗಳಿಗೆ ಕೆಲವೊಮ್ಮೆ ಗುಲಾಬಿಯ ನೆರಳು.

ಇಲ್ಲಿ ಕೇಸರ ಎಣಿಸಬೇಕು. ಈ ಕುಟುಂಬದ ಬಹುಪಾಲು ಹೂಗಳಲ್ಲಿ ನಾಲ್ಕು ಕೇಸರ, ಮೊನಾರ್ಡಾದಲ್ಲಿ ಎರಡೇ. ಅವು ಮೇಲ್ತುಟಿಯಡಿಯಿಂದ ಹೊರಚಾಚಿ ನಿಂತಿರುತ್ತವೆ, ಭೂತಗನ್ನಡಿ ಬೇಕಿಲ್ಲ. ಇನ್ನೊಂದು ಗುರುತು ನನಗೆ ತುಂಬ ಇಷ್ಟವಾದದ್ದು: ಚೆಂಡು ನಡುವಿನಿಂದ ಅರಳುತ್ತದೆ. ಸೂರ್ಯಕಾಂತಿ ಅಂಚಿನಿಂದ ಒಳಕ್ಕೆ ಅರಳುತ್ತ ಹೋದರೆ ಇದು ಒಳಗಿನಿಂದ ಹೊರಕ್ಕೆ. ಹಾಗಾಗಿ ಆಗಸ್ಟ್ ಬರುವಷ್ಟರಲ್ಲಿ ನೆತ್ತಿ ಬೋಳಾಗಿ ಸುತ್ತ ಮಾತ್ರ ನೇರಳೆ ಉಳಿಯುತ್ತದೆ, ನಮ್ಮ ಹಳೆಯ ಹೆಡ್‌ಮಾಸ್ತರರೊಬ್ಬರ ತಲೆಯ ಹಾಗೆ. ಅದೇ ಹೊತ್ತಿಗೆ ಕೆಳಗಿನ ಎಲೆಗಳ ಮೇಲೆ ವಿಭೂತಿ ಬಳಿದಂತೆ ಬಿಳಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ರೋಗವೇ ಹೌದು, ಆದರೆ ಈ ಗಿಡಕ್ಕೆ ಎಷ್ಟು ಮಾಮೂಲಿಯೆಂದರೆ ದೂರದಿಂದ ಗುರುತಿಗೂ ಆಗುತ್ತದೆ.

ಅಕ್ಕತಂಗಿಯರನ್ನು ಬೇರ್ಪಡಿಸುವುದು ಇನ್ನು ಸುಲಭ. ಹೂ ಕಡುಗೆಂಪಾದರೆ ಅದು ಪೂರ್ವದ ತೇವದ ಕಾಡುಗಳ ಆಸ್ವೀಗೊ ಟೀ. ಹೆಸರೇ ಹೇಳುವಂತೆ ಚಹಾದ ಬದಲು ಕುದಿಸಿ ಕುಡಿಯುತ್ತಿದ್ದದ್ದು. ಹೂಗಳು ಒಂದೇ ಚೆಂಡಾಗದೆ ದೀಪಸ್ತಂಭದ ಹಾಗೆ ಮಹಡಿ ಮಹಡಿಯಾಗಿ, ಹಳದಿಯ ಮೇಲೆ ನೇರಳೆ ಚುಕ್ಕೆ ಇದ್ದರೆ ಯುದ್ಧಕಾಲದಲ್ಲಿ ಕೆಲಸಕ್ಕೆ ಬಂದ ಚುಕ್ಕೆ ಮೊನಾರ್ಡಾ. ವಸಂತದಲ್ಲೇ ಅರಳಿ, ಎಲೆಗೆ ತೊಟ್ಟೇ ಇಲ್ಲದಂತಿದ್ದರೆ ಬ್ರಾಡ್‌ಬರಿ ಮೊನಾರ್ಡಾ. ತೊಟ್ಟು ನೆನಪಿಡಿ ಎಂದದ್ದು ಇದಕ್ಕೇ. ನರ್ಸರಿಯಿಂದ ತಂದ ತೋಟದ ಗಿಡವಾದರೆ ಈ ಯಾವ ಲಕ್ಷಣವನ್ನೂ ಗಟ್ಟಿಯಾಗಿ ನೆಚ್ಚಬೇಡಿ, ಅವುಗಳಲ್ಲಿ ಬಹಳ ಮಿಶ್ರತಳಿ.

ಪ್ರೇರಿಯಲ್ಲಿ ಈ ಕುಟುಂಬದ ಬೇರೆಯವರೂ ಇದ್ದಾರೆ. ಮೌಂಟನ್ ಮಿಂಟ್‌ನದು ಸಣ್ಣ ಬಿಳಿ ಹೂ, ಪುದೀನ ಚಟ್ನಿಯನ್ನೇ ನೆನಪಿಸುವ ಖಾರದ ಎಲೆ. ಜರ್ಮಾಂಡರ್ ಹೂವಿಗೆ ಮೇಲ್ತುಟಿಯೇ ಹಾರಿಹೋದಂತಿದೆ. ಅತ್ಯಂತ ವಿಧೇಯವಾದದ್ದು ಒಬೀಡಿಯೆಂಟ್ ಪ್ಲಾಂಟ್. ತೆನೆಯಲ್ಲಿನ ಒಂದು ಹೂವನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳಿದರೆ ಅಲ್ಲೇ ನಿಲ್ಲುತ್ತದೆ, ಹಿಂದಕ್ಕೆ ಬರುವುದಿಲ್ಲ. ಕಾಂಡ ಚೌಕ, ಎಲೆ ಜೋಡಿ, ಹೂವಿಗೆ ಎರಡು ತುಟಿ. ಆದರೆ ಎಲೆ ಎಷ್ಟು ಉಜ್ಜಿದರೂ ವಾಸನೆಯೇ ಇಲ್ಲ. ಮೂಗನ್ನು ಇಷ್ಟು ಹೊಗಳಿದ ಮೇಲೆ ಇದನ್ನು ಹೇಳದಿದ್ದರೆ ಮೋಸವಾಗುತ್ತದೆ. ಕೈ, ಮೂಗು, ಕಣ್ಣು ಮೂರರಲ್ಲಿ ಒಂದೊಂದೂ ಒಮ್ಮೆಯಾದರೂ ಸುಳ್ಳು ಹೇಳುತ್ತದೆ.

ಇಷ್ಟೆಲ್ಲ ತಕರಾರಿಲ್ಲದೆ ಈ ಹೂವನ್ನು ಗುರುತಿಸುವವರೂ ಇದ್ದಾರೆ. ಉದ್ದ ನಾಲಗೆಯ ಬಂಬಲ್‌ಬೀಗಳು ಬರುತ್ತವೆ, ಕೆಂಪುಗೊರಳಿನ ಹಮ್ಮಿಂಗ್‌ಬರ್ಡ್ ಬರುತ್ತದೆ, ಆ ಹಕ್ಕಿಯ ವೇಷ ತೊಟ್ಟಂತೆ ಹಗಲಲ್ಲೇ ಹಾರಾಡುವ, ಪಾರದರ್ಶಕ ರೆಕ್ಕೆಯ ಪತಂಗ ಬರುತ್ತದೆ. ಕೊಳವೆಯ ತಳದ ಮಕರಂದಕ್ಕೆ ನಾಲಗೆ ಎಟುಕದ ಕಣಜಗಳು ಬುಡದಲ್ಲಿ ತೂತು ಕೊರೆದು ಕದಿಯುತ್ತವೆ. ಬಾಗಿಲಲ್ಲಿ ಬಂದವರಿಗೆ ಹತ್ತುವ ಪರಾಗ ಕನ್ನ ಹಾಕಿದವರಿಗೆ ಹತ್ತುವುದಿಲ್ಲ. ಡುಫೂರಿಯಾ ಮೊನಾರ್ಡೇ ಎಂಬ ಪುಟ್ಟ ಕಪ್ಪು ಜೇನುಹುಳುವಿನ ಕಥೆಯೇ ಬೇರೆ. ಮರಿಗಳಿಗೆ ಅದು ಕೂಡಿಡುವುದು ಮೊನಾರ್ಡಾಗಳ ಪರಾಗ. ಅದು ಹೆಸರು ತಪ್ಪು ಹಿಡಿದರೆ ಮರಿ ಉಪವಾಸ.

ನಾನು ಹಿಂದಿರುಗಿದ ಮೇಲೆ, ಜನವರಿಯಲ್ಲಿ, ಅಕ್ಕ ವಿಡಿಯೊ ಕಾಲ್ ಮಾಡಿದಳು. ಹಿತ್ತಿಲ ತುಂಬ ಹಿಮ. ಹೂ ಉದುರಿದ ಮೊನಾರ್ಡಾದ ಚೆಂಡುಗಳು ಕಂದುಬಣ್ಣಕ್ಕೆ ತಿರುಗಿ ಹಿಮದ ಮೇಲೆ ನಿಂತಿದ್ದವು. ಪುಷ್ಪಪಾತ್ರೆಯ ಒಣಗಿದ ಕೊಳವೆಗಳು ಒತ್ತಾಗಿ ಜೇನುಗೂಡಿನ ಹಾಗೆ. ಪ್ರತಿ ಕೊಳವೆಯ ತಳದಲ್ಲಿ ಹೆಚ್ಚೆಂದರೆ ನಾಲ್ಕು ಬೀಜ, ಸಾಸಿವೆಗಿಂತ ಚಿಕ್ಕವು. ಒಂದು ಚೆಂಡು ಮುರಿದು, ಕೈಗವಸು ತೆಗೆದು, ಬರಿಗೈಯಲ್ಲಿ ಪುಡಿ ಮಾಡಿ ಮೂಸಿದಳು.

“ಇನ್ನೂ ಇದೆಯಾ ಅಕ್ಕ?”

ಅವಳು ಉತ್ತರ ಕೊಡದೆ ಅಂಗೈಯನ್ನು ಫೋನಿನ ಹತ್ತಿರ ತಂದಳು. ಪರದೆ ತುಂಬ ಕಂದುಬಣ್ಣದ ಪುಡಿ, ಕೆಂಪಗೆ ಚಳಿ ಹತ್ತಿದ ಬೆರಳು. ನಾನು ಇಲ್ಲಿ ಎದ್ದುಹೋಗಿ ಅಡುಗೆಮನೆಯ ಓಮದ ಡಬ್ಬಿಯ ಮುಚ್ಚಳ ತೆಗೆದೆ.